ಮರೆವನ್ನು ಅಳೆದ ಹರ್ಮನ್ ಎಬ್ಬಿಂಗ್‌ಹೌಸ್

ವಿದ್ಯಾರ್ಥಿಗಳೇ, ಕೆಲವು ತಿಂಗಳ ಹಿಂದೆ ಒಂದು ಹಿರಿಯ ಪ್ರಾಥಮಿಕ ಶಾಲೆಗೆ ಹೋಗಿದ್ದೆ. ಬೆಳಗಿನ ಪ್ರಾರ್ಥನೆ ಮುಗಿದಿತ್ತು. ಮಕ್ಕಳೆಲ್ಲ ಅಂಗಳದಲ್ಲಿಯೇ ಚಕ್ಕಳಮಕ್ಕಳ ಹಾಕಿ ಕುಳಿತು, ಕಣ್ಣು ಮುಚ್ಚಿ, ಐದು ನಿಮಿಷ ತಮ್ಮ ಉಸಿರನ್ನೇ ಗಮನಿಸುತ್ತಿದ್ದರು. ಹೀಗೆ ಧ್ಯಾನ ಮಾಡಿದರೆ ನೆನಪಿನ ಶಕ್ತಿ ಹೆಚ್ಚುತ್ತದೆ ಎಂದು ಅವರಿಗೆ ಹೇಳಲಾಗಿತ್ತು. ಆಮೇಲೆ ತರಗತಿಯಲ್ಲಿ ಏಳನೆಯ ತರಗತಿಯ ಹುಡುಗಿಯೊಬ್ಬಳು ಎದ್ದು ನಿಂತು, ಹೆಚ್ಚಿತೋ ಇಲ್ಲವೋ ಎಂಬುದು ಗೊತ್ತಾಗುವುದು ಹೇಗೆ ಎಂದು ಕೇಳಿದಳು. ತಾನು ದಿನವೂ ಕಣ್ಣು ಮುಚ್ಚಿ ಕೂರುತ್ತೇನೆ, ಆದರೂ ರಾತ್ರಿ ಬಾಯಿಪಾಠ ಮಾಡಿದ ಪದ್ಯ ಬೆಳಿಗ್ಗೆ ಅರ್ಧ ಮರೆತು ಹೋಗಿರುತ್ತದೆ, ತಾನು ದಡ್ಡಿಯೇ ಇರಬೇಕು ಎಂದೂ ಸಣ್ಣ ದನಿಯಲ್ಲಿ ಸೇರಿಸಿದಳು.

ಒಳ್ಳೆಯ ಪ್ರಶ್ನೆ. ನಮ್ಮ ಎತ್ತರ ಹೆಚ್ಚಿತೇ ಎಂದು ನೋಡಲು ಗೋಡೆಯ ಮೇಲೆ ಗೆರೆ ಎಳೆಯುತ್ತೇವೆ. ತೂಕ ನೋಡಲು ತಕ್ಕಡಿ ಇದೆ. ಜ್ವರ ಬಂದರೆ ಥರ್ಮಾಮೀಟರ್ ಇದೆ. ನೆನಪನ್ನು ಯಾವುದರಲ್ಲಿ ತೂಗುವುದು? ಸುಮಾರು 150 ವರ್ಷಗಳ ಹಿಂದಿನವರೆಗೂ ಅದಕ್ಕೆ ಯಾವ ಅಳತೆಗೋಲೂ ಇರಲಿಲ್ಲ. ನೆನಪನ್ನು ಅಳೆಯಲು ಸಾಧ್ಯವೇ ಇಲ್ಲ ಎಂದು ದೊಡ್ಡ ದೊಡ್ಡ ಪಂಡಿತರೇ ನಂಬಿದ್ದರು. ಸಾಧ್ಯ ಎಂದು ಮಾಡಿ ತೋರಿಸಿದವರು ಹರ್ಮನ್ ಎಬ್ಬಿಂಗ್‌ಹೌಸ್. ಅವರ ಬಳಿ ಪ್ರಯೋಗಶಾಲೆ ಇರಲಿಲ್ಲ, ಸಹಾಯಕರು ಇರಲಿಲ್ಲ. ಇದ್ದದ್ದು ಕಾಗದದ ಚೀಟಿಗಳು, ಒಂದು ಗಡಿಯಾರ ಮತ್ತು ಅವರದೇ ತಲೆ.

ಎಬ್ಬಿಂಗ್‌ಹೌಸ್ 1850ರ ಜನವರಿ 24ರಂದು ಬಾರ್ಮೆನ್ ಎಂಬ ಊರಿನಲ್ಲಿ ಜನಿಸಿದರು. ಆಗ ಅದು ಪ್ರಷ್ಯಾ ರಾಜ್ಯಕ್ಕೆ ಸೇರಿದ್ದ, ನೇಯ್ಗೆಗೆ ಹೆಸರಾದ ಪಟ್ಟಣ. ಈಗ ಜರ್ಮನಿಯ ವುಪ್ಪರ್ಟಾಲ್ ನಗರದ ಒಂದು ಭಾಗ. ತಂದೆ ವ್ಯಾಪಾರಿ. ಮಗ ವ್ಯಾಪಾರದ ಕಡೆ ತಿರುಗಲಿಲ್ಲ. 17ನೆಯ ವಯಸ್ಸಿನಲ್ಲಿ ಬಾನ್ ವಿಶ್ವವಿದ್ಯಾನಿಲಯಕ್ಕೆ ಸೇರಿ ಇತಿಹಾಸ ಮತ್ತು ಭಾಷೆಗಳನ್ನು ಓದತೊಡಗಿದರು. ಬರಬರುತ್ತ ಮನಸ್ಸು ತತ್ತ್ವಶಾಸ್ತ್ರದ ಕಡೆ ಹೊರಳಿತು. ಹಾಲೆ ಮತ್ತು ಬರ್ಲಿನ್‌ಗಳಲ್ಲಿಯೂ ಕಲಿತರು. 1870ರಲ್ಲಿ ಪ್ರಷ್ಯಾಕ್ಕೂ ಫ್ರಾನ್ಸ್‌ಗೂ ಯುದ್ಧ ಶುರುವಾದಾಗ ಪುಸ್ತಕ ಬದಿಗಿಟ್ಟು ಸೈನ್ಯಕ್ಕೆ ಸೇರಬೇಕಾಯಿತು. ಯುದ್ಧ ಮುಗಿದ ಮೇಲೆ ಮರಳಿ ಬಂದು 1873ರಲ್ಲಿ ಡಾಕ್ಟರೇಟ್ ಪಡೆದರು.

ಮುಂದೆ ಕೆಲವು ವರ್ಷ ಅವರು ನೆಲೆ ನಿಲ್ಲಲಿಲ್ಲ. ಇಂಗ್ಲೆಂಡ್, ಫ್ರಾನ್ಸ್‌ಗಳಲ್ಲಿ ಸುತ್ತಾಡುತ್ತ, ಪಾಠ ಹೇಳಿ ಹೊಟ್ಟೆ ಹೊರೆಯುತ್ತ, ತಾವೂ ಓದುತ್ತ ಇದ್ದರು. ಈ ತಿರುಗಾಟದಲ್ಲಿಯೇ ಹಳೆಯ ಪುಸ್ತಕಗಳ ಅಂಗಡಿಯೊಂದರಲ್ಲಿ ಒಂದು ಪುಸ್ತಕ ಅವರ ಕೈಗೆ ಸಿಕ್ಕಿತು. ಅದು ಗುಸ್ಟಾವ್ ಫೆಕ್ನರ್ ಎಂಬ ಜರ್ಮನ್ ವಿಜ್ಞಾನಿ 1860ರಲ್ಲಿ ಪ್ರಕಟಿಸಿದ ಪುಸ್ತಕ. ನಮ್ಮ ಇಂದ್ರಿಯಗಳ ಅನುಭವವನ್ನು ಲೆಕ್ಕಕ್ಕೆ ಹಿಡಿಯಬಹುದು ಎಂದು ಫೆಕ್ನರ್ ಅದರಲ್ಲಿ ತೋರಿಸಿದ್ದರು. ಒಂದು ಉದಾಹರಣೆ ನೋಡಿ. ಅಂಗೈ ಮೇಲೆ ಒಂದು ಸಣ್ಣ ಕಲ್ಲಿದೆ ಎನ್ನೋಣ. ಅದರ ಮೇಲೆ ಇನ್ನೊಂದು ಸಣ್ಣ ಕಲ್ಲಿಟ್ಟರೆ ಭಾರ ಹೆಚ್ಚಿದ್ದು ಕೂಡಲೇ ತಿಳಿಯುತ್ತದೆ. ಅದೇ ಕಲ್ಲನ್ನು ತುಂಬಿದ ಕೊಡದೊಳಗೆ ಹಾಕಿ, ಕೊಡ ಹೊತ್ತವರಿಗೆ ತಿಳಿಯುವುದೇ ಇಲ್ಲ! ಎಷ್ಟು ಭಾರಕ್ಕೆ ಎಷ್ಟು ಹೆಚ್ಚಿಸಿದರೆ ತಿಳಿಯುತ್ತದೆ ಎಂಬುದಕ್ಕೆ ಒಂದು ನಿಯಮವಿದೆ. ಇದನ್ನು ಓದಿದ ಎಬ್ಬಿಂಗ್‌ಹೌಸ್‌ಗೆ ಹೊಸ ಯೋಚನೆ ಹೊಳೆಯಿತು. ಭಾರದ ಅನುಭವವನ್ನು ಅಳೆಯಬಹುದಾದರೆ ನೆನಪನ್ನೂ ಮರೆವನ್ನೂ ಏಕೆ ಅಳೆಯಬಾರದು?

ಆದರೆ ಒಂದು ತೊಡಕಿತ್ತು. ನಾವು ಕಲಿಯುವ ವಿಷಯಗಳೆಲ್ಲ ಒಂದೇ ಸಮ ಇರುವುದಿಲ್ಲ. ಒಂದು ಪದ್ಯದಲ್ಲಿ ನಿಮ್ಮ ಊರಿನ ಕೆರೆಯ ವರ್ಣನೆ ಇದ್ದರೆ ಅದು ಬೇಗ ಮನಸ್ಸಿಗೆ ಅಂಟಿಕೊಳ್ಳುತ್ತದೆ. ಕಂಡು ಕೇಳದ ದೇಶದ ಹೆಸರುಗಳಿದ್ದರೆ ಅಂಟುವುದಿಲ್ಲ. ಹೀಗಿರುವಾಗ ಎರಡು ಪದ್ಯ ಕಲಿತು ಹೋಲಿಸಿ ನೋಡಿದರೆ ಏನು ಪ್ರಯೋಜನ? ಒಂದು ಕಿಲೋ ಬಟ್ಟು ಒಂದು ಅಂಗಡಿಯಲ್ಲಿ ಒಂದು ತೂಕ, ಇನ್ನೊಂದರಲ್ಲಿ ಇನ್ನೊಂದು ತೂಕ ಇದ್ದಂತೆ ಆಗುತ್ತದೆ.

ಇದಕ್ಕೆ ಎಬ್ಬಿಂಗ್‌ಹೌಸ್ ಕಂಡುಕೊಂಡ ಉಪಾಯ ಬಹಳ ಸರಳ. ಅರ್ಥವೇ ಇಲ್ಲದ ಉಚ್ಚಾರಾಂಶಗಳನ್ನು ಅವರು ತಯಾರಿಸಿದರು. ಎರಡು ವ್ಯಂಜನ, ನಡುವೆ ಒಂದು ಸ್ವರ. ಝೊಫ್, ಗೀಕ್, ಬುಪ್ ಎಂಬಂಥವು ಎಂದು ಊಹಿಸಿಕೊಳ್ಳಿ. ಹೀಗೆ ಸುಮಾರು 2300 ಉಚ್ಚಾರಾಂಶಗಳು ಸಿದ್ಧವಾದವು. ಎಲ್ಲವನ್ನೂ ಬೆರೆಸಿ, ಕಣ್ಣಿಗೆ ಬಿದ್ದದ್ದನ್ನು ಆರಿಸದೆ, ಚೀಟಿ ಎತ್ತಿದಂತೆ ಎತ್ತಿ, ಸಾಲಾಗಿ ಜೋಡಿಸುತ್ತಿದ್ದರು. ಒಂದು ಸಾಲಿನಲ್ಲಿ ಹನ್ನೆರಡೋ ಹದಿಮೂರೋ ಇಪ್ಪತ್ತನಾಲ್ಕೋ ಇರುತ್ತಿದ್ದವು. ಈ ಸಾಲನ್ನು ಬಾಯಿಪಾಠ ಮಾಡುವುದೇ ಕೆಲಸ.

ಓದಿದರೆ ತಮಾಷೆ ಎನಿಸುತ್ತದೆ. ಮಾಡಿ ನೋಡಿದರೆ ಗೊತ್ತಾಗುತ್ತದೆ, ಇಷ್ಟು ಬೇಸರದ ಕೆಲಸ ಇನ್ನೊಂದಿಲ್ಲ! ಎಬ್ಬಿಂಗ್‌ಹೌಸ್ ಇದನ್ನು 1879-80ರಲ್ಲಿ ಒಂದು ವರ್ಷಕ್ಕೂ ಹೆಚ್ಚು ಕಾಲ ಮಾಡಿದರು. ಫಲಿತಾಂಶ ಕೈಯಲ್ಲಿದ್ದರೂ ಅಚ್ಚು ಹಾಕಿಸಲು ಆತುರಪಡದೆ 1883-84ರಲ್ಲಿ ಮತ್ತೆ ಮಾಡಿ ತಾಳೆ ನೋಡಿದರು.

ಅವರು ತಮಗೆ ತಾವೇ ಹಾಕಿಕೊಂಡ ನಿಯಮಗಳು ಬಹಳ ಕಟ್ಟುನಿಟ್ಟಾದವು. ಒಂದು ಬಗೆಯ ಪ್ರಯೋಗವೆಂದರೆ ದಿನದ ಒಂದೇ ಹೊತ್ತಿನಲ್ಲಿ ಕೂರಬೇಕು. ಓದುವ ವೇಗ ಏರುಪೇರಾಗಬಾರದು. ಗಡಿಯಾರದ ಟಿಕ್ ಟಿಕ್ ಸದ್ದಿಗೆ ಸರಿಯಾಗಿ ನಿಮಿಷಕ್ಕೆ 150 ಉಚ್ಚಾರಾಂಶ ಓದಬೇಕು. ಬುಪ್ ಎಂದರೆ ಅದು ಇಂಥದ್ದರಂತೆ ಇದೆ ಎಂದು ಕಥೆ ಕಟ್ಟಿ ನೆನಪಿಟ್ಟುಕೊಳ್ಳಬಾರದು. ಓದಿದರೆ ಸಾಲದು, ಮನಸ್ಸು ಆ ಸಾಲಿನ ಮೇಲೆಯೇ ಇರಬೇಕು. ಜೀವನದಲ್ಲಿ ದೊಡ್ಡ ಬದಲಾವಣೆ ಏನಾದರೂ ಆಗಿ ಮನಸ್ಸು ಕದಡಿದ್ದರೆ ಪ್ರಯೋಗವನ್ನು ಮುಂದೂಡಬೇಕು.

ಮನಸ್ಸು ಎಷ್ಟೇ ಬಿಗಿಹಿಡಿದರೂ ಒಂದೇ ಮಟ್ಟದಲ್ಲಿ ನಿಲ್ಲದು ಎಂಬುದು ಅವರಿಗೆ ತಮ್ಮ ಲೆಕ್ಕದ ಪುಸ್ತಕದಿಂದಲೇ ತಿಳಿಯಿತು. ಒಂದೇ ದಿನ, ಒಂದೇ ಉದ್ದದ ಸಾಲುಗಳನ್ನು ಒಂದರ ಹಿಂದೆ ಒಂದು ಕಲಿತಾಗಲೂ ಒಂದಕ್ಕೆ ಕಡಿಮೆ ಸಮಯ, ಮುಂದಿನದಕ್ಕೆ ಹೆಚ್ಚು ಸಮಯ ಹಿಡಿಯುತ್ತಿತ್ತು. ಗಮನ ಅಲೆಯಂತೆ ಏರುತ್ತ ಇಳಿಯುತ್ತ ಇತ್ತು. ಬೆಳಿಗ್ಗೆ ಕಲಿತದ್ದಕ್ಕಿಂತ ಸಂಜೆ ಕಲಿಯಲು ಹೆಚ್ಚು ಹೊತ್ತು ಬೇಕಾಗುತ್ತಿತ್ತು. ಇಂಥ ಏರಿಳಿತ ಲೆಕ್ಕವನ್ನು ಕೆಡಿಸಬಾರದೆಂದು ಅವರು ಒಂದೇ ಪ್ರಯೋಗವನ್ನು ಮತ್ತೆ ಮತ್ತೆ ಮಾಡಿ ಸರಾಸರಿ ತೆಗೆದರು. ಎಬ್ಬಿಂಗ್‌ಹೌಸ್ ಧ್ಯಾನ ಕಲಿತವರಲ್ಲ, ಅದರ ಬಗ್ಗೆ ಪ್ರಯೋಗ ಮಾಡಿದವರೂ ಅಲ್ಲ. ಆದರೆ ದಿನವೂ ಒಂದೇ ಹೊತ್ತಿಗೆ ಕುಳಿತು, ಅಲೆಯುವ ಮನಸ್ಸನ್ನು ಒಂದೇ ಕಡೆಗೆ ತಂದು ನಿಲ್ಲಿಸುವುದು ಎಷ್ಟು ಕಷ್ಟ ಎಂದು ಅವರಷ್ಟು ಬಲ್ಲ ವಿಜ್ಞಾನಿಗಳು ಕಡಿಮೆ ಎಂದು ನನಗೆ ಅನಿಸುತ್ತದೆ.

ಇನ್ನು ಅಳತೆಯ ವಿಷಯಕ್ಕೆ ಬರೋಣ. ಅವರ ಮುಖ್ಯ ಉಪಾಯ ಇಲ್ಲಿದೆ, ಸ್ವಲ್ಪ ನಿಧಾನವಾಗಿ ಓದಿ. ನಿನ್ನೆ ಕಲಿತ ಸಾಲಿನಲ್ಲಿ ಇಂದು ಎಷ್ಟು ಹೇಳಲು ಬರುತ್ತದೆ ಎಂದು ಅವರು ಎಣಿಸಲಿಲ್ಲ. ಬಾಯಿಗೆ ಒಂದೂ ಬರದಿದ್ದರೂ ಒಳಗೆಲ್ಲೋ ಏನೋ ಉಳಿದಿರಬಹುದಲ್ಲವೆ? ಅದನ್ನು ಹಿಡಿಯಲು ಅದೇ ಸಾಲನ್ನು ಅವರು ಮೊದಲಿನಿಂದ ಮತ್ತೆ ಕಲಿಯುತ್ತಿದ್ದರು. ಮೊದಲ ಸಲ ಪೂರ್ತಿ ಕಲಿಯಲು 20 ನಿಮಿಷ ಬೇಕಾಯಿತು, ಎರಡನೆಯ ಸಲ 15 ನಿಮಿಷ ಸಾಕಾಯಿತು ಎನ್ನೋಣ. 5 ನಿಮಿಷ ಉಳಿತಾಯವಾಯಿತು. ಅಂದರೆ ನೂರಕ್ಕೆ 25 ಭಾಗ ಉಳಿತಾಯ. ಆ ಉಳಿತಾಯವೇ ನೆನಪಿನ ಅಳತೆ! ಹುಡುಗಿ ಕೇಳಿದ ತಕ್ಕಡಿ ಇದೇ.

ಮರೆವನ್ನು ತೂಗಲು ಅವರು ಹದಿಮೂರು ಉಚ್ಚಾರಾಂಶಗಳ ಎಂಟು ಸಾಲುಗಳನ್ನು ಒಮ್ಮೆಗೆ ಕಲಿಯುತ್ತಿದ್ದರು. ನಿಗದಿಯಾದ ಸಮಯ ಕಳೆದ ಮೇಲೆ ಅವನ್ನೇ ಮತ್ತೆ ಕಲಿಯುತ್ತಿದ್ದರು. ಇಂಥ 163 ಜೋಡಿ ಪ್ರಯೋಗಗಳನ್ನು ಮಾಡಿದರು. ಸುಮಾರು 20 ನಿಮಿಷ ಬಿಟ್ಟು ಮತ್ತೆ ಕಲಿತಾಗ ಉಳಿತಾಯ ನೂರಕ್ಕೆ 58 ಇತ್ತು. ಒಂದು ಗಂಟೆ ಬಿಟ್ಟರೆ 44. ಸುಮಾರು ಒಂಬತ್ತು ಗಂಟೆ ಬಿಟ್ಟರೆ 36. ಒಂದು ದಿನ ಬಿಟ್ಟರೆ 34, ಎರಡು ದಿನಕ್ಕೆ 28, ಆರು ದಿನಕ್ಕೆ 25. ಮೂವತ್ತೊಂದು ದಿನ ಕಳೆದ ಮೇಲೂ 21 ಉಳಿದಿತ್ತು.

ಈ ಸಂಖ್ಯೆಗಳನ್ನು ಗ್ರಾಫ್ ಹಾಳೆಯ ಮೇಲೆ ಗುರುತಿಸಿ ಗೆರೆ ಎಳೆಯಿರಿ. ಗುಡ್ಡದ ತುದಿಯಿಂದ ಕೆಳಗಿಳಿದಂತೆ ಮೊದಲು ಗೆರೆ ಕಡಿದಾಗಿ ಬೀಳುತ್ತದೆ. ಆಮೇಲೆ ಬಯಲಿಗೆ ಬಂದಂತೆ ಚಪ್ಪಟೆಯಾಗುತ್ತದೆ. ಇದನ್ನೇ ಮರೆವಿನ ರೇಖೆ ಎನ್ನುತ್ತಾರೆ. ಒಂದೇ ಗಂಟೆಯಲ್ಲಿ ಅರ್ಧಕ್ಕಿಂತ ಹೆಚ್ಚು ಹೋಯಿತು, ಆದರೆ ಆರನೆಯ ದಿನದಿಂದ ಮೂವತ್ತೊಂದನೆಯ ದಿನದವರೆಗೆ ಹೋದದ್ದು ನಾಲ್ಕೇ ಭಾಗ. ಹಾಗಾದರೆ ಬೆಳಿಗ್ಗೆ ಪದ್ಯ ಅರ್ಧ ಮರೆತಿರುತ್ತದೆ ಎಂದ ಆ ಹುಡುಗಿ ದಡ್ಡಿಯೇ? ವಿಶ್ವವಿದ್ಯಾನಿಲಯದ ವಿದ್ವಾಂಸರಿಗೇ ಒಂದು ದಿನದಲ್ಲಿ ಮೂರರಲ್ಲಿ ಎರಡು ಭಾಗ ಹೋಗಿತ್ತು. ಅವಳಿಗೆ ಈ ರೇಖೆಯನ್ನು ಕಪ್ಪು ಹಲಗೆಯ ಮೇಲೆ ಬರೆದು ತೋರಿಸಿದೆ. ಅವಳು ಅದನ್ನು ಬಹಳ ಹೊತ್ತು ನೋಡುತ್ತ ನಿಂತಿದ್ದಳು.

ಪದ್ಯಕ್ಕೆ ಅರ್ಥವಿದೆ, ಪ್ರಾಸವಿದೆ. ಅದು ಇಷ್ಟು ಬೇಗ ಹೋಗುವುದಿಲ್ಲ. ಇದನ್ನೂ ಎಬ್ಬಿಂಗ್‌ಹೌಸ್ ಪರೀಕ್ಷಿಸಿದರು. ಇಂಗ್ಲಿಷ್ ಕವಿ ಬೈರನ್ ಬರೆದ ಡಾನ್ ಜುವಾನ್ ಎಂಬ ಕಾವ್ಯದ ಪದ್ಯಗಳನ್ನು ಬಾಯಿಪಾಠ ಮಾಡಿದರು. ಒಂದೊಂದರಲ್ಲಿ ಸುಮಾರು 80 ಉಚ್ಚಾರಾಂಶ. ಎಂಟು ಸಲ ಓದಿದರೆ ಪದ್ಯ ಬರುತ್ತಿತ್ತು. ಅರ್ಥವಿಲ್ಲದ ಸಾಲು ಅಷ್ಟೇ ಉದ್ದವಿದ್ದರೆ ಅದರ ಹತ್ತು ಪಟ್ಟು ಶ್ರಮ ಬೇಕಾಗುತ್ತದೆ ಎಂದು ಲೆಕ್ಕ ಹಾಕಿದರು. ಅರ್ಥ ತಿಳಿಯದೆ ಉರು ಹೊಡೆಯುವವರು ಈ ಲೆಕ್ಕವನ್ನು ಗಮನಿಸಬೇಕು.

ಸಾಲಿನ ಉದ್ದ ಹೆಚ್ಚಿದರೆ ಏನಾಗುತ್ತದೆ? ಏಳು ಉಚ್ಚಾರಾಂಶಗಳ ಸಾಲು ಒಂದೇ ಓದಿಗೆ ಬಂದುಬಿಡುತ್ತಿತ್ತು. ಹನ್ನೆರಡಕ್ಕೆ ಹದಿನಾರು ಹದಿನೇಳು ಸಲ ಓದಬೇಕಾಯಿತು! ಇಪ್ಪತ್ತನಾಲ್ಕಕ್ಕೆ 44 ಸಲ.

ಇನ್ನೊಂದು ಪ್ರಯೋಗ ನನಗೆ ಎಲ್ಲಕ್ಕಿಂತ ಇಷ್ಟ. ಹನ್ನೆರಡರ ಸಾಲನ್ನು ಒಂದೇ ದಿನ ಒಂದೇ ಸಮನೆ 68 ಸಲ ಓದಿ, ಮಾರನೆಯ ದಿನ ಎಷ್ಟು ಉಳಿದಿದೆ ನೋಡಿದರು. ಇನ್ನೊಂದು ಸಾಲನ್ನು ಮೂರು ದಿನಗಳಿಗೆ ಹಂಚಿ ಓದಿ, ನಾಲ್ಕನೆಯ ದಿನ ನೋಡಿದರು. ಹಂಚಿ ಓದಿದಾಗ ಬರೀ 38 ಸಲ ಓದಿದ್ದರೂ ಅಷ್ಟೇ ಫಲ ಸಿಕ್ಕಿತು. ಪರೀಕ್ಷೆಯ ಹಿಂದಿನ ರಾತ್ರಿ ಪುಸ್ತಕ ಹಿಡಿಯುವವರು ಮೂವತ್ತು ಸಲ ದಂಡಕ್ಕೆ ಓದುತ್ತಾರೆ ಎಂದಾಯಿತು.

ಇದೆಲ್ಲವನ್ನೂ ಅವರು 1885ರಲ್ಲಿ ಪುಸ್ತಕವಾಗಿ ಪ್ರಕಟಿಸಿದರು. ಚಿಕ್ಕ ಪುಸ್ತಕ, ನೆನಪನ್ನು ಕುರಿತದ್ದು. ಅದೇ ವರ್ಷ ಅವರಿಗೆ ಮಗ ಹುಟ್ಟಿದ. ಜೂಲಿಯಸ್ ಎಂಬ ಆ ಮಗ ಮುಂದೆ ಹೆಸರಾಂತ ತತ್ತ್ವಶಾಸ್ತ್ರಜ್ಞನಾದ. ಪುಸ್ತಕ ಪ್ರಕಟವಾದ ಮರುವರ್ಷ ಎಬ್ಬಿಂಗ್‌ಹೌಸ್‌ಗೆ ಬರ್ಲಿನ್‌ನಲ್ಲಿಯೇ ಬಡ್ತಿ ಸಿಕ್ಕಿತು. 1890ರಲ್ಲಿ ಆರ್ಥರ್ ಕೋನಿಗ್ ಎಂಬ ವಿಜ್ಞಾನಿಯೊಂದಿಗೆ ಸೇರಿ ಮನಶ್ಶಾಸ್ತ್ರದ ಪತ್ರಿಕೆಯೊಂದನ್ನು ಆರಂಭಿಸಿದರು. ಆದರೆ ಹೆಚ್ಚು ಪುಸ್ತಕ, ಲೇಖನ ಬರೆದು ರಾಶಿ ಹಾಕುವ ಸ್ವಭಾವ ಅವರದಲ್ಲ. 1894ರಲ್ಲಿ ಬರ್ಲಿನ್‌ನ ಮುಖ್ಯ ಪ್ರಾಧ್ಯಾಪಕ ಹುದ್ದೆ ಅವರಿಗೆ ದೊರೆಯದೆ ಕಾರ್ಲ್ ಸ್ಟುಂಫ್ ಎಂಬ ಇನ್ನೊಬ್ಬ ವಿದ್ವಾಂಸರ ಪಾಲಾಯಿತು. ಎಬ್ಬಿಂಗ್‌ಹೌಸ್ ಬ್ರೆಸ್ಲಾವ್ ನಗರಕ್ಕೆ ಹೊರಟರು. ಅದು ಈಗ ಪೋಲೆಂಡ್ ದೇಶದಲ್ಲಿದೆ.

ಬ್ರೆಸ್ಲಾವ್‌ನಲ್ಲಿ ಅವರ ಕೆಲಸ ನಿಮ್ಮಂಥ ಶಾಲಾ ಮಕ್ಕಳ ಕಡೆಗೆ ತಿರುಗಿತು. ಅಲ್ಲಿನ ಶಾಲೆಗಳಲ್ಲಿ ಬೆಳಗಿನಿಂದ ಒಂದೇ ಸಮನೆ ಐದು ಗಂಟೆ ಪಾಠ ನಡೆಯುತ್ತಿತ್ತು. ಇದರಿಂದ ಮಕ್ಕಳ ಬುದ್ಧಿ ದಣಿಯುತ್ತದೆಯೇ ಎಂದು ತಿಳಿಯಲು ನಗರದ ಅಧಿಕಾರಿಗಳು ಬಯಸಿದ್ದರು. ದಣಿವನ್ನು ಅಳೆಯಲು ಎಬ್ಬಿಂಗ್‌ಹೌಸ್ ಮಕ್ಕಳಿಗೆ ಲೆಕ್ಕ ಕೊಟ್ಟರು, ಅಂಕಿಗಳನ್ನು ಕೇಳಿಸಿ ನೆನಪಿನಿಂದ ಬರೆಸಿದರು. ಜೊತೆಗೆ ಒಂದು ಹೊಸ ಬಗೆಯ ಪರೀಕ್ಷೆಯನ್ನೂ ಕೊಟ್ಟರು. ಒಂದು ಗದ್ಯಭಾಗದಲ್ಲಿ ಅಲ್ಲಲ್ಲಿ ಪದಗಳನ್ನೂ ಪದದ ತುಣುಕುಗಳನ್ನೂ ತೆಗೆದುಹಾಕಿ, ಅರ್ಥ ಕೂಡುವಂತೆ ತುಂಬಲು ಹೇಳಿದರು. ಬಿಟ್ಟ ಸ್ಥಳ ತುಂಬಿರಿ! ನಿಮ್ಮ ಪ್ರಶ್ನೆಪತ್ರಿಕೆಯಲ್ಲಿರುವ ಈ ಪ್ರಶ್ನೆಯನ್ನು ಬುದ್ಧಿಶಕ್ತಿಯನ್ನು ಅಳೆಯಲು ಬಳಸಿ 1897ರಲ್ಲಿ ವರದಿ ಪ್ರಕಟಿಸಿದವರು ಇವರೇ. ಮೂರು ಪರೀಕ್ಷೆಗಳಲ್ಲಿ ಚುರುಕಾದ ಮಕ್ಕಳನ್ನೂ ಹಿಂದುಳಿದವರನ್ನೂ ಚೆನ್ನಾಗಿ ಬೇರ್ಪಡಿಸಿ ತೋರಿಸಿದ್ದು ಇದೊಂದೇ. ಮುಂದೆ ಬುದ್ಧಿಮಾಪನ ಪರೀಕ್ಷೆಗಳನ್ನು ರೂಪಿಸಿದವರು ಇದನ್ನು ಎತ್ತಿಕೊಂಡರು.

ನಂತರ ಅವರು ತಾವು ಹಿಂದೆ ಓದಿದ್ದ ಹಾಲೆ ನಗರಕ್ಕೆ ಪ್ರಾಧ್ಯಾಪಕರಾಗಿ ಹೋದರು. ಮನಶ್ಶಾಸ್ತ್ರದ ದೊಡ್ಡ ಗ್ರಂಥವೊಂದನ್ನು ಬರೆಯುತ್ತಿದ್ದ ಅವರು ಅದನ್ನು ಫೆಕ್ನರ್ ಅವರಿಗೆ ಅರ್ಪಿಸಿದ್ದರು. ಹಳೆಯ ಪುಸ್ತಕದಂಗಡಿಯ ಋಣವನ್ನು ಅವರು ಮರೆತಿರಲಿಲ್ಲ. ಗ್ರಂಥ ಪೂರ್ತಿಯಾಗುವ ಮೊದಲೇ, 1909ರ ಫೆಬ್ರವರಿ 26ರಂದು, ನ್ಯುಮೋನಿಯಾದಿಂದ ತೀರಿಕೊಂಡರು. ಆಗ ಅವರಿಗೆ 59 ವರ್ಷ.

ಅವರ ಪ್ರಯೋಗದಲ್ಲಿ ಒಂದು ಕೊರತೆ ಇತ್ತು. ನಿಮಗೂ ಹೊಳೆದಿರಬೇಕು. ಕಲಿತವರೂ ಅವರೇ, ಅಳೆದವರೂ ಅವರೇ. ಒಬ್ಬರ ತಲೆಯಲ್ಲಿ ಕಂಡದ್ದು ಎಲ್ಲರಿಗೂ ಹೇಗೆ ಅನ್ವಯಿಸುತ್ತದೆ? ಈ ಅನುಮಾನ ಸರಿಯಾದದ್ದೇ. ನೆದರ್ಲೆಂಡ್ಸ್‌ನ ಆಂಸ್ಟರ್‌ಡ್ಯಾಂನಲ್ಲಿ ಇಬ್ಬರು ಸಂಶೋಧಕರು ಅವರ ವಿಧಾನವನ್ನೇ ಅನುಸರಿಸಿ ಪ್ರಯೋಗ ಮಾಡಿ 2015ರಲ್ಲಿ ಫಲಿತಾಂಶ ಪ್ರಕಟಿಸಿದರು. ಅವರಲ್ಲಿ ಒಬ್ಬರು 70 ಗಂಟೆ ಕಾಲ ಅರ್ಥವಿಲ್ಲದ ಸಾಲುಗಳನ್ನು ಕಲಿತು ಮತ್ತೆ ಕಲಿತರು. ಬಂದ ರೇಖೆ ಹೆಚ್ಚುಕಡಿಮೆ ಹಳೆಯ ರೇಖೆಯಂತೆಯೇ ಇತ್ತು. ಒಂದು ವಿಶೇಷ ಮಾತ್ರ ಕಂಡಿತು. ಒಂದು ದಿನ ಕಳೆದಲ್ಲಿ ರೇಖೆ ನಿರೀಕ್ಷೆಗಿಂತ ಸ್ವಲ್ಪ ಮೇಲೆ ನಿಂತಿತ್ತು. ನಡುವೆ ಬಂದ ನಿದ್ದೆ ಇದಕ್ಕೆ ಕಾರಣವಿರಬಹುದು. ಎಬ್ಬಿಂಗ್‌ಹೌಸ್ ಅವರ ಸಂಖ್ಯೆಗಳನ್ನು ಮತ್ತೊಮ್ಮೆ ನೋಡಿ. ಒಂಬತ್ತು ಗಂಟೆಗೆ 36, ಒಂದು ದಿನಕ್ಕೆ 34. ಹದಿನೈದು ಗಂಟೆಯಲ್ಲಿ ಎರಡೇ ಭಾಗ ಇಳಿದಿದೆ! ನಿದ್ದೆ ಮಾಡಿದಾಗ ಮರೆವು ನಿಧಾನವಾಗುತ್ತದೆ ಎಂಬುದನ್ನು 1924ರಲ್ಲಿ ಅಮೆರಿಕದ ಜೆಂಕಿನ್ಸ್ ಮತ್ತು ಡಾಲೆನ್‌ಬಾಕ್ ಅರ್ಥವಿಲ್ಲದ ಉಚ್ಚಾರಾಂಶಗಳನ್ನೇ ಬಳಸಿ ತೋರಿಸಿದ್ದರು.

ಹಾಗಾದರೆ ಆ ಹುಡುಗಿಯ ಮೊದಲ ಪ್ರಶ್ನೆಗೆ ಉತ್ತರವೇನು? ಉಸಿರಿನ ಮೇಲೆ ಗಮನವಿಡುವ ಧ್ಯಾನದ ಬಗ್ಗೆ ಈಗ ವಿಜ್ಞಾನಿಗಳು ಅಳತೆ ಮಾಡುತ್ತಿದ್ದಾರೆ. ಅಮೆರಿಕದ ಸಾಂಟಾ ಬಾರ್ಬರಾದಲ್ಲಿರುವ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದವರು 48 ಕಾಲೇಜು ವಿದ್ಯಾರ್ಥಿಗಳನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಎರಡು ವಾರ ಧ್ಯಾನ ಕಲಿಸಿದರು. ಇನ್ನೊಂದಕ್ಕೆ ಅಷ್ಟೇ ಕಾಲ ಪೌಷ್ಟಿಕ ಆಹಾರದ ಪಾಠ ಮಾಡಿದರು. ಧ್ಯಾನ ಕಲಿತವರ ಮನಸ್ಸು ಓದುವಾಗ ಅಲೆಯುವುದು ಕಡಿಮೆಯಾಯಿತು. ಓದಿ ಅರ್ಥಮಾಡಿಕೊಳ್ಳುವ ಪರೀಕ್ಷೆಯಲ್ಲಿ ಅವರ ಅಂಕ ಹೆಚ್ಚಿತು. ಫೋನ್ ಸಂಖ್ಯೆಯನ್ನು ಒತ್ತುವವರೆಗೆ ತಲೆಯಲ್ಲಿ ಹಿಡಿದಿಟ್ಟುಕೊಳ್ಳುತ್ತೇವಲ್ಲ, ಅಂಥ ತಾತ್ಕಾಲಿಕ ನೆನಪೂ ಉತ್ತಮವಾಯಿತು. ಇದು 2013ರಲ್ಲಿ ಪ್ರಕಟವಾಯಿತು. ಆದರೆ ಎರಡು ವಾರ, 48 ಜನ ಎಂಬುದನ್ನು ನೆನಪಿಡಿ. ಬ್ರಿಟನ್ನಿನಲ್ಲಿ 8 ಸಾವಿರಕ್ಕೂ ಹೆಚ್ಚು ಶಾಲಾ ಮಕ್ಕಳ ಮೇಲೆ ನಡೆದ ಅಧ್ಯಯನ 2022ರಲ್ಲಿ ಹೊರಬಂತು. ಅದು ಅಳೆದದ್ದು ಮುಖ್ಯವಾಗಿ ಮಕ್ಕಳ ಮನಸ್ಸಿನ ಆರೋಗ್ಯವನ್ನು. ಶಾಲೆಯಲ್ಲಿ ಎಂದಿನಂತೆ ನಡೆಯುವ ಪಾಠಗಳಿಗಿಂತ ಧ್ಯಾನದ ತರಗತಿಗಳಿಂದ ಹೆಚ್ಚಿನ ಪ್ರಯೋಜನ ಕಾಣಲಿಲ್ಲ. ಮನೆಯಲ್ಲಿ ಅಭ್ಯಾಸ ಮಾಡಿ ಎಂದು ಹೇಳಿದ್ದರೂ ಹೆಚ್ಚಿನ ಮಕ್ಕಳು ಮಾಡಿರಲಿಲ್ಲ.

ಇಷ್ಟು ಹೇಳಿದಾಗ, ಹಾಗಾದರೆ ನಾವೇ ಅಳೆದು ನೋಡಬಹುದಲ್ಲ ಎಂದು ಆ ತರಗತಿಯವರು ಹೊರಟರು. ಹಳೆಯ ನೋಟ್‌ಬುಕ್ಕಿನ ಹಾಳೆ ಕತ್ತರಿಸಿ ಅರ್ಥವಿಲ್ಲದ ಉಚ್ಚಾರಾಂಶಗಳನ್ನು ಬರೆದರು. ಚೀಟಿಗಳನ್ನು ಆ ಹುಡುಗಿಯೇ ಕಣ್ಣು ಮುಚ್ಚಿ ಎತ್ತಿ, ಹತ್ತು ಹತ್ತರ ಸಾಲು ಜೋಡಿಸಿದಳು. ತರಗತಿಯ ಅರ್ಧ ಮಕ್ಕಳು ಕಲಿಯುವ ಮೊದಲು ಐದು ನಿಮಿಷ ಉಸಿರು ಗಮನಿಸುತ್ತ ಕೂರುವುದು, ಉಳಿದರ್ಧ ಅಷ್ಟೇ ಹೊತ್ತು ಚಿತ್ರ ಬಿಡಿಸುವುದು, ಮಾರನೆಯ ದಿನ ಅದೇ ಸಾಲನ್ನು ಮತ್ತೆ ಕಲಿತು ಉಳಿತಾಯ ಲೆಕ್ಕ ಹಾಕುವುದು, ವಾರ ಬಿಟ್ಟು ಗುಂಪು ಅದಲುಬದಲು ಮಾಡುವುದು ಎಂದು ಗೊತ್ತುಮಾಡಿಕೊಂಡರು. ಮೊದಲ ವಾರದ ಲೆಕ್ಕದಲ್ಲಿ ಎರಡು ಗುಂಪುಗಳ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲವಂತೆ. ಇನ್ನೂ ಮೂರು ವಾರ ನಡೆಸುತ್ತಾರೆ.